ಆ ಹುಡುಗ ಯಾರು ಅಂತ ಕೇಳುವವರಿಗೆ

ಹೋದ ತಿಂಗಳು ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ಒಂದು ಸಣ್ಣ ಚರ್ಚೆ ನಡೆಯಿತು. ಸಾರು ನೀರಾಗಿದೆ ಅಂತ ಚರ್ಚಿಸುವುದನ್ನು ನಾವು ಬಿಟ್ಟು ಎರಡು ವರ್ಷವಾಯಿತು, ಹಾಗಾಗಿ ವಿಷಯ ಬೇರೆಯದೇ ಆಗಿತ್ತು. ಎಂ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ಫೋನನ್ನು ಸ್ಟೀಲ್ ಲೋಟಕ್ಕೆ ಒರಗಿಸಿಟ್ಟು ಒಲಿವಿಯಾ ರೊಡ್ರಿಗೊಳ ‘ಸೌರ್’ ಕೇಳುತ್ತ ಊಟ ಮಾಡುತ್ತಿದ್ದಳು. ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನ್ನ ಗೆಳತಿ, “ಇಡೀ ಆಲ್ಬಮ್ ಒಬ್ಬನೇ ಹುಡುಗನಿಗಾಗಿ ಅತ್ತಿದ್ದಾಳೆ ಕಣೇ ಇವಳು” ಅಂದಳು. “ಅಕ್ಕಾ, ಅವನು ಯಾರು ಗೊತ್ತಾ?” ಅಂತ ಈ ಹುಡುಗಿ ಶುರು ಮಾಡಿದಳು. ಅವನು ಯಾರು, ಯಾವ ಧಾರಾವಾಹಿಯಲ್ಲಿ ಜೊತೆಗಿದ್ದರು, ಇವಳನ್ನು ಬಿಟ್ಟು ಯಾರ ಹಿಂದೆ ಹೋದ, ಆ ಇನ್ನೊಬ್ಬಳು ತಿರುಗಿ ಯಾವ ಹಾಡು ಹಾಡಿದಳು, ಎಲ್ಲಾ ಬಂತು. ಆರು ಜನ ಇಪ್ಪತ್ತು ನಿಮಿಷ ಮಾತಾಡಿದೆವು. ಲೋಟಕ್ಕೆ ಒರಗಿದ್ದ ಫೋನಿನಲ್ಲಿ ಆ ಹೊತ್ತಿಗೆ ಐದು ಹಾಡು ಮುಗಿದಿದ್ದವು. ಅವುಗಳ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ.

ನಾನೇನೂ ಸಾಚಾ ಅಲ್ಲ. 2021ರಲ್ಲಿ ಈ ಆಲ್ಬಮ್ ಬಂದಾಗ, ಲಾಕ್‌ಡೌನಿನಲ್ಲಿ ಊರಿನ ಮನೆಯ ಅಟ್ಟದ ಮೇಲೆ ನೆಟ್‌ವರ್ಕ್ ಹುಡುಕುತ್ತ ಕೂತು, ಎರಡು ರಾತ್ರಿ ಅದೇ ಕಥೆಯನ್ನು ಓದಿದ್ದೆ. ಮೂವರ ಹೆಸರೂ ನನಗೆ ಬಾಯಿಪಾಠ. ಅವನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರಿಗೆ ಅರ್ಧ ನಿಮಿಷದ ಕೆಲಸ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ರೊಡ್ರಿಗೊ ಅಮೆರಿಕದ ಹುಡುಗಿ, ಡಿಸ್ನಿಯವರ ಧಾರಾವಾಹಿಗಳಲ್ಲಿ ನಟಿಸುತ್ತಿದ್ದವಳು. 2021ರ ಜನವರಿ 8ರಂದು ‘ಡ್ರೈವರ್ಸ್ ಲೈಸೆನ್ಸ್’ ಎಂಬ ಹಾಡು ಬಂದಾಗ ಅವಳಿಗೆ ಹದಿನೇಳು ವರ್ಷ. ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲೇ ಹುಟ್ಟಿ ಎಂಟು ವಾರ ಅಲ್ಲೇ ಕೂತಿತ್ತು. ಮೇ 21ಕ್ಕೆ ‘ಸೌರ್’ ಬಂತು. ಹೆಸರಿನ ಅರ್ಥ ಹುಳಿ. ಹನ್ನೊಂದು ಹಾಡು, ಒಟ್ಟು ಮೂವತ್ತೈದು ನಿಮಿಷಕ್ಕೂ ಕಡಿಮೆ. ಡ್ಯಾನ್ ನೀಗ್ರೊ ಎಂಬ, ಹಿಂದೆ ಒಂದು ರಾಕ್ ಬ್ಯಾಂಡಿನಲ್ಲಿ ಹಾಡುತ್ತಿದ್ದ ನಿರ್ಮಾಪಕನ ಜೊತೆ ಕೂತು ಮಾಡಿದ ಆಲ್ಬಮ್. ಬಹುಪಾಲು ಹಾಡುಗಳನ್ನು ಇಬ್ಬರೂ ಸೇರಿ ಬರೆದರು, ಕೆಲವನ್ನು ಅವಳೊಬ್ಬಳೇ. ಮುಂದಿನ ವರ್ಷ ಮೂರು ಗ್ರ್ಯಾಮಿ ಬಂದವು.

ಈ ಆಲ್ಬಮ್ ಬಗ್ಗೆ ಕೇಳುಗರು ಹೇಳುವ ಮಾತುಗಳನ್ನು ನಾನು ಕೆಲವು ವರ್ಷದಿಂದ ಗಮನಿಸುತ್ತ ಬಂದಿದ್ದೇನೆ. ಸಂಶೋಧನೆಗಾಗಿ ಅಲ್ಲ, ಚಟಕ್ಕೆ. ಮೆಚ್ಚುವವರು, “ಎಷ್ಟು ಪ್ರಾಮಾಣಿಕ! ಡೈರಿ ಓದಿದ ಹಾಗಿದೆ” ಅನ್ನುತ್ತಾರೆ. ಮೆಚ್ಚದವರು, “ಹದಿಹರೆಯದ ಗೋಳು, ಒಬ್ಬ ಹುಡುಗನಿಗಾಗಿ ಇಷ್ಟೊಂದಾ?” ಅನ್ನುತ್ತಾರೆ. ಸಂಗೀತ ತಿಳಿದವರೆಂದು ತಮ್ಮನ್ನು ಭಾವಿಸಿಕೊಂಡವರು ಸ್ವಲ್ಪ ಮೂಗು ಮೇಲೆತ್ತಿ, “ಇದೆಲ್ಲಾ ಕದ್ದಿದ್ದು, ಇದು ಅವರದು, ಅದು ಇವರದು” ಅನ್ನುತ್ತಾರೆ. ಮೂರು ಗುಂಪಿನವರೂ ಪರಸ್ಪರ ಜಗಳಾಡುತ್ತಿದ್ದಾರೆ ಅಂತ ಮೊದಮೊದಲು ನಾನೂ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಡೈರಿ ಅನ್ನುವವರ ಪ್ರಕಾರ ಹಾಡು ಅವಳಿಂದ ತಾನಾಗಿ ಸೋರಿತು. ಗೋಳು ಅನ್ನುವವರ ಪ್ರಕಾರವೂ ಸೋರಿತು, ಆದರೆ ಸೋರಬಾರದಿತ್ತು. ಕದ್ದದ್ದು ಅನ್ನುವವರ ಪ್ರಕಾರ ಬೇರೆ ಕಡೆಯಿಂದ ಬಂತು. ಒಬ್ಬ ಹುಡುಗಿ ಕೂತು, ಯೋಚಿಸಿ, ಬರೆದು, ಹೊಡೆದುಹಾಕಿ, ಮತ್ತೆ ಬರೆದು ಇದನ್ನು ಮಾಡಿದಳು ಎಂಬ ಸರಳ ಸಂಗತಿಯನ್ನು ಒಪ್ಪಲು ಮೂವರಿಗೂ ಮನಸ್ಸಿಲ್ಲ. ಅಳಬಹುದು ಅಥವಾ ಕದಿಯಬಹುದು, ಅವಳಿಗೆ ನಾವು ಬಿಟ್ಟುಕೊಟ್ಟಿರುವ ಕೆಲಸ ಇವೆರಡೇ.

ಹಾಗಾದರೆ ಅವಳು ಮಾಡಿದ್ದೇನು ಅಂತ ಕೇಳಿ, ಹೇಳುತ್ತೇನೆ. ‘ಡ್ರೈವರ್ಸ್ ಲೈಸೆನ್ಸ್’ ಶುರುವಾಗುವುದು ಕಾರಿನ ಸದ್ದಿನಿಂದ. ಬಾಗಿಲು ತೆರೆದಿಟ್ಟಾಗ ಕಾರು ಪೀಪ್ ಪೀಪ್ ಅನ್ನುತ್ತದಲ್ಲ, ಅದು. ನಾಲ್ಕಾರು ಪೀಪ್ ಆಗುವಷ್ಟರಲ್ಲಿ ಅದೇ ಲಯ ಪಿಯಾನೋದ ಒಂಟಿ ಸ್ವರವಾಗಿ ಬದಲಾಗಿರುತ್ತದೆ. ಯಾವ ಕ್ಷಣದಲ್ಲಿ ಯಂತ್ರ ಮುಗಿದು ವಾದ್ಯ ಶುರುವಾಯಿತು ಅಂತ ಹಿಡಿಯುವುದು ಕಷ್ಟ. ಯಾರ ಡೈರಿಯಲ್ಲೂ ಇಂಥದ್ದು ಬರೆದಿರುವುದಿಲ್ಲ. ಇನ್ನು ವಸ್ತುವಿನ ವಿಷಯ. ವಿರಹದ ಹಾಡಿಗೆ ಚಂದ್ರ, ಮಳೆ, ಹೂವು, ಕಿಟಕಿ ಎಲ್ಲಾ ಸಿದ್ಧವಾಗಿ ಕಾಯುತ್ತಿರುತ್ತವೆ. ಅವಳು ಎತ್ತಿಕೊಂಡದ್ದು ಆರ್‌ಟಿಓ ಆಫೀಸಿನ ಕಾರ್ಡು! ಅಮೆರಿಕದ ಉಪನಗರಗಳಲ್ಲಿ ಹದಿನಾರರ ಹರೆಯಕ್ಕೆ ಸಿಗುವ ಲೈಸೆನ್ಸ್ ಅಂದರೆ ಅಪ್ಪ ಅಮ್ಮನ ಹಿಂದಿನ ಸೀಟಿನಿಂದ ಬಿಡುಗಡೆ. ಇಬ್ಬರೂ ಸೇರಿ ಕಾದಿದ್ದ ಆ ಬಿಡುಗಡೆ ಕೈಗೆ ಬಂದಾಗ ಹೋಗಲು ಜಾಗವೇ ಇಲ್ಲ, ಅವನ ಬೀದಿಯಲ್ಲಿ ಸುಮ್ಮನೆ ಸುತ್ತುವುದೊಂದೇ. ಸ್ವಾತಂತ್ರ್ಯ ಸಿಕ್ಕ ದಿನವೇ ಅದು ನಿರುಪಯೋಗಿ ಅಂತ ಗೊತ್ತಾಗುವ ಈ ಕಟ್ಟೋಣವನ್ನು ನಾನು ಸಣ್ಣಕಥೆಯಲ್ಲಿ ಕಂಡಿದ್ದರೆ ಲೇಖಕನ ಹೆಸರಿನ ಕೆಳಗೆ ಗೆರೆ ಹಾಕುತ್ತಿದ್ದೆ.

ಆಲ್ಬಮ್ಮಿನ ಮೊದಲ ಹಾಡು ‘ಬ್ರೂಟಲ್’. ಪಿಟೀಲುಗಳು ನಾಜೂಕಾಗಿ ಶುರುವಾಗುತ್ತವೆ, ಯಾವುದೋ ದುಃಖದ ಸಿನಿಮಾ ಇರಬೇಕು ಅನ್ನುವಷ್ಟರಲ್ಲಿ, ಇದು ಗಲೀಜಾಗಿರಲಿ ಎಂಬರ್ಥದ ಒಂದು ಮಾತು ಕೇಳಿಸುತ್ತದೆ, ಗಿಟಾರು ಬಂದು ಪಿಟೀಲನ್ನು ಒದ್ದು ಆಚೆ ಹಾಕುತ್ತದೆ. ಹುಡುಗ ಆ ಹಾಡಿನ ವಿಷಯವಲ್ಲ. ಹದಿನೇಳರ ವಯಸ್ಸು ಜೀವನದ ಸುವರ್ಣಕಾಲ ಅಂತ ಹೇಳಿದವರ ಮೇಲಿನ ಸಿಟ್ಟು ಅದು. ಅಲ್ಲೇ ನಡುವೆ, ತನಗೆ ಕಾರನ್ನು ಸಾಲಿನಲ್ಲಿ ಸರಿಯಾಗಿ ನಿಲ್ಲಿಸಲೂ ಬರುವುದಿಲ್ಲ ಅಂತ ಗೊಣಗುತ್ತಾಳೆ. ಮೊದಲನೇ ಹಾಡಿನಲ್ಲಿ ಪಾರ್ಕಿಂಗ್ ಬಾರದವಳೇ ಮೂರನೇ ಹಾಡಿನಲ್ಲಿ ಲೈಸೆನ್ಸ್ ಹಿಡಿದುಕೊಂಡು ಕಣ್ಣೀರು ಹಾಕುತ್ತ ಗಾಡಿ ಓಡಿಸುವವಳು. ಬರೆಯುವವಳು ಹಾಡುವವಳನ್ನು ನೋಡಿ ಮೊದಲೇ ನಕ್ಕಿದ್ದಾಳೆ. ಬರಿ ಅಳುವವರಿಗೆ ಈ ದೂರ ಬರುವುದಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಬೇರೆಯವರ ಚಂದ ನೋಡಿ ಸುಟ್ಟುಕೊಳ್ಳುವ ‘ಜೆಲಸಿ, ಜೆಲಸಿ’ಯಲ್ಲೂ ಆ ಹುಡುಗನ ಗೋಳಿಲ್ಲ. ಮನೆಯವರಿಂದಲೇ ಪೆಟ್ಟು ತಿಂದು ದೂರವಾದ ಹಳೆಯ ಪರಿಚಯದವರನ್ನು ನೆನೆಯುವ ಕೊನೆಯ ‘ಹೋಪ್ ಯು ಆರ್ ಓಕೆ’ಯಲ್ಲಿ ಅವನ ಸುಳಿವೇ ಇಲ್ಲ. “ಇಡೀ ಆಲ್ಬಮ್ ಒಬ್ಬನೇ ಹುಡುಗ” ಅನ್ನುವವರು ಪೂರ್ತಿ ಕೇಳಿಲ್ಲ, ಅಷ್ಟೇ.

ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಕಾರ್ಯಕ್ರಮದಲ್ಲಿ 2021ರ ಫೆಬ್ರವರಿಯಲ್ಲಿ ಇದರ ಬಗ್ಗೆ ಒಂದು ಪ್ರಹಸನ ಬಂತು. ಬಾರೊಂದರಲ್ಲಿ ಪೂಲ್ ಆಡುತ್ತಿರುವ ಗಂಡಸರ ಗುಂಪು. ಯಾರೋ ‘ಡ್ರೈವರ್ಸ್ ಲೈಸೆನ್ಸ್’ ಹಾಕುತ್ತಾರೆ. ಮೊದಲು ಲೇವಡಿ, ಆಮೇಲೆ ಹಾಡಿನ ಹಿಂದಿನ ಗಾಸಿಪ್, ಆಮೇಲೆ ಹಾಡು ತಿರುವು ತೆಗೆದುಕೊಳ್ಳುವ ಆ ಭಾಗ ಬಂದಾಗ ಎಲ್ಲರೂ ಒಟ್ಟಿಗೆ ಗಂಟಲು ಬಿರಿಯುವಂತೆ ಹಾಡುತ್ತಾರೆ. ನನಗೆ ತುಂಬಾ ಇಷ್ಟವಾದ ಪ್ರಹಸನ. ಆ ಗಂಡಸರು ಕಡೆಗಾದರೂ ಹಾಡಿನ ಯಾವ ಭಾಗ ತಮ್ಮನ್ನು ಕೆಡವಿತು ಎಂದು ಗುರುತಿಸಿದರು. ನಮ್ಮ ಮೆಸ್ಸಿನ ಆರು ಮಂದಿಗೆ ಅಷ್ಟೂ ಆಗಲಿಲ್ಲ.

ಈಗ ಇನ್ನೊಂದು ಆಲ್ಬಮ್. ಬ್ರಿಟನ್ನಿನ ಫಿಲ್ ಕಾಲಿನ್ಸ್ 1981ರಲ್ಲಿ ‘ಫೇಸ್ ವ್ಯಾಲ್ಯೂ’ ತಂದರು. ‘ಜೆನೆಸಿಸ್’ ಬ್ಯಾಂಡಿನ ಡ್ರಮ್ಮರ್ ಆಗಿದ್ದವರು ತಾವೊಬ್ಬರೇ ಮಾಡಿದ ಮೊದಲ ಆಲ್ಬಮ್. ಮೊದಲ ಮದುವೆ ಮುರಿದ ನೋವಿನಲ್ಲಿ ಹುಟ್ಟಿದ್ದು ಅಂತ ಅವರೇ ಹೇಳಿದ್ದಾರೆ. ಹೊದಿಕೆಯ ಮೇಲೆ ತುಂಬಿರುವುದು ಅವರದೇ ಮುಖ. ‘ಇನ್ ದಿ ಏರ್ ಟುನೈಟ್’ ಹಾಡಿನ ಸಾಲುಗಳು ಹೆಚ್ಚುಕಡಿಮೆ ಆ ಹೊತ್ತಿಗೆ ಬಾಯಿಗೆ ಬಂದವು ಎಂದೂ ಹೇಳಿಕೊಂಡಿದ್ದಾರೆ. ಸೋರಿದ್ದು ಅಂತ ಯಾವುದನ್ನಾದರೂ ಕರೆಯಬಹುದಾದರೆ ಇದನ್ನು ಕರೆಯಬೇಕು. ಟಿವಿಯಲ್ಲಿ ಆ ಹಾಡು ಹಾಡುವಾಗ ಹತ್ತಿರದಲ್ಲೇ ಬಣ್ಣದ ಡಬ್ಬ, ಕುಂಚ ಇಟ್ಟುಕೊಂಡಿದ್ದರು, ಅದು ಹೆಂಡತಿಯ ಗೆಳೆಯನಾದ ಬಣ್ಣ ಬಳಿಯುವವನಿಗೆ ಕೊಟ್ಟ ಏಟು ಅಂತ ಜನ ಆಡಿಕೊಂಡದ್ದೂ ಹೌದು. ಮುಳುಗುತ್ತಿದ್ದವನನ್ನು ಯಾರೋ ಕಾಪಾಡದೆ ನೋಡುತ್ತ ನಿಂತಿದ್ದ, ಅದನ್ನು ಕಂಡು ಈ ಹಾಡು ಬರೆದರು ಎಂಬ ದಂತಕಥೆಯೂ ಹುಟ್ಟಿತು. ಆ ಕಟ್ಟುಕಥೆಯಲ್ಲೂ ನೋಡಿ, ಗಂಡಸಿಗೆ ಸಿಕ್ಕಿದ್ದು ಸಾಕ್ಷಿಯ ಪಾತ್ರ, ನ್ಯಾಯ ಕೇಳುವವನ ಪಾತ್ರ.

ಆದರೆ ನಲವತ್ತು ವರ್ಷಗಳ ಮೇಲೆ ಆ ಹಾಡಿನ ಬಗ್ಗೆ ಜನ ಮಾತಾಡುವುದು ಏನನ್ನು? ಡ್ರಮ್ಮು. ಮೂರೂವರೆ ನಿಮಿಷ ತಡೆದು ತಡೆದು ಕೊನೆಗೆ ಒಮ್ಮೆಲೇ ಉರುಳಿಬರುವ ಆ ಡ್ರಮ್ಮಿನ ಹೊಡೆತ. ಆ ಸದ್ದು ಪೀಟರ್ ಗೇಬ್ರಿಯಲ್‌ನ ಆಲ್ಬಮ್ಮಿನ ಕೆಲಸ ನಡೆಯುವಾಗ ಹೇಗೆ ಸಿಕ್ಕಿತು, ಇಂಜಿನಿಯರ್ ಹ್ಯೂ ಪ್ಯಾಜಮ್ ಪಾತ್ರವೇನು, ಮುಂದೆ ಇಡೀ ದಶಕದ ಪಾಪ್ ಸಂಗೀತ ಆ ಸದ್ದನ್ನು ಹೇಗೆ ನಕಲು ಮಾಡಿತು, ಪುಟಗಟ್ಟಲೆ ಬರೆದಿದ್ದಾರೆ. 2020ರಲ್ಲಿ ಅಮೆರಿಕದ ಇಬ್ಬರು ಅವಳಿ ಹುಡುಗರು ಮೊದಲ ಸಲ ಆ ಹಾಡು ಕೇಳಿ, ಡ್ರಮ್ಮು ಬಂದ ಕ್ಷಣ ಬೆಚ್ಚಿ ಹಿಗ್ಗಿದ ವಿಡಿಯೊವನ್ನು ಲಕ್ಷಾಂತರ ಜನ ನೋಡಿದರು. ಆ ಹುಡುಗರು ಎಷ್ಟು ಚೆನ್ನಾಗಿ ಕೇಳಿದರು! ಹೆಂಡತಿ ಯಾರು, ಬಣ್ಣದವನು ಯಾರು ಅಂತ ಕೇಳಬೇಕು ಅಂತ ಅವರಿಗೆ ಅನ್ನಿಸಲೇ ಇಲ್ಲ.

(ಬರೆಯುತ್ತ ಬರೆಯುತ್ತ ಈಗ ಗಮನಕ್ಕೆ ಬಂತು. ಕಾಲಿನ್ಸ್ ‘ಅವರು’, ರೊಡ್ರಿಗೊ ‘ಅವಳು’. ನನಗಿಂತ ಚಿಕ್ಕವಳು, ಸಲುಗೆಯಿಂದ ಹಾಗಂದೆ ಅಂತ ಸಮಜಾಯಿಷಿ ಕೊಡಬಹುದು. ತಿದ್ದದೆ ಹಾಗೇ ಬಿಡುತ್ತೇನೆ, ಈ ರೋಗ ನನಗೂ ಇದೆ ಅನ್ನುವುದಕ್ಕೆ ಪುರಾವೆ ಇರಲಿ.)

ಕಳ್ಳತನದ ಮಾತಿಗೆ ಬರೋಣ, ಅದು ನನಗೆ ಹೆಚ್ಚು ಸಿಟ್ಟು ತರಿಸುವ ಭಾಗ. ‘ದೇಜಾ ವೂ’ ಹಾಡಿನ ಕೂಗುವ ಭಾಗಕ್ಕೆ ಟೇಲರ್ ಸ್ವಿಫ್ಟ್‌ರ ‘ಕ್ರುಯಲ್ ಸಮ್ಮರ್’ ಪ್ರೇರಣೆ ಅಂತ ರೊಡ್ರಿಗೊ ತಾನಾಗಿ ಸಂದರ್ಶನದಲ್ಲಿ ಹೇಳಿದಳು. 2021ರ ಜುಲೈನಲ್ಲಿ ಸ್ವಿಫ್ಟ್ ಮತ್ತು ಆಕೆಯ ಇಬ್ಬರು ಸಹಲೇಖಕರ ಹೆಸರು ಆ ಹಾಡಿನ ರಚನಕಾರರ ಪಟ್ಟಿಗೆ ಸೇರಿತು. ಆಗಸ್ಟ್‌ನಲ್ಲಿ ‘ಗುಡ್ ಫಾರ್ ಯೂ’ಗೆ ‘ಪ್ಯಾರಮೋರ್’ ಬ್ಯಾಂಡಿನ 2007ರ ‘ಮಿಸರಿ ಬಿಸಿನೆಸ್’ ಬರೆದ ಇಬ್ಬರ ಹೆಸರೂ ಸೇರಿತು. ಹೆಸರು ಸೇರಿತು ಅಂದರೆ ದುಡ್ಡಿನಲ್ಲಿ ಪಾಲು. ‘ಬ್ರೂಟಲ್’ನ ಗಿಟಾರು ಎಲ್ವಿಸ್ ಕಾಸ್ಟೆಲ್ಲೊ 1978ರಲ್ಲಿ ಮಾಡಿದ ‘ಪಂಪ್ ಇಟ್ ಅಪ್’ನದ್ದು ಅಂತ ಕೆಲವರು ಬೊಬ್ಬೆ ಹಾಕಿದಾಗ ಮಾತ್ರ ಕಾಸ್ಟೆಲ್ಲೊ, ನನಗೇನೂ ತಕರಾರಿಲ್ಲ, ರಾಕ್ ಸಂಗೀತ ನಡೆಯುವುದೇ ಹೀಗೆ, ಇನ್ನೊಬ್ಬರ ಚೂರುಗಳಿಂದ ಹೊಸ ಆಟಿಕೆ ಮಾಡುವುದು, ನಾನೂ ಅದನ್ನೇ ಮಾಡಿದೆ ಎಂಬರ್ಥದಲ್ಲಿ ಉತ್ತರಿಸಿ, ತಮ್ಮ ಹಾಡಿನ ಹಿಂದಿರುವ ಬಾಬ್ ಡಿಲನ್, ಚಕ್ ಬೆರಿ ಹಾಡುಗಳನ್ನು ತಾವೇ ಸೂಚಿಸಿದರು. ದೊಡ್ಡ ಮನುಷ್ಯ.

ಸಾಲ ಇದ್ದರೆ ಹೇಳಬೇಕು, ಕೊಡಬೇಕು, ಅದರಲ್ಲಿ ನನಗೆ ತಕರಾರಿಲ್ಲ. ನಾಲ್ಕನೇ ಹಾಡಿಗೆ ಸ್ವಿಫ್ಟ್‌ರ ಹಳೆಯ ಹಾಡೊಂದರ ಸ್ವರಗಳನ್ನು ಎತ್ತಿಕೊಂಡದ್ದಕ್ಕೆ ರೊಡ್ರಿಗೊ ಮೊದಲ ದಿನದಿಂದಲೇ ಹೆಸರು ಕೊಟ್ಟಿದ್ದಳು. ನನ್ನ ತಕರಾರು ಕೇಳುಗರ ಬಗ್ಗೆ. ಗಂಡಸು ಹಿಂದಿನವರಿಂದ ತೆಗೆದುಕೊಂಡರೆ ಪರಂಪರೆ, ಹುಡುಗಿ ತೆಗೆದುಕೊಂಡರೆ ಕಾಪಿ. ಜೊತೆಗೆ ಒಂದು ಸೊಗಸಾದ ವ್ಯಂಗ್ಯ ಎಲ್ಲರ ಕೈತಪ್ಪಿ ಹೋಗಿದೆ. ‘ದೇಜಾ ವೂ’ ಹಾಡಿನ ದೂರೇ ಅದು. ತಾನು ಅವನಿಗೆ ಕಲಿಸಿದ ಜೋಕು, ತಾನು ಕೇಳಿಸಿದ ಹಾಡು, ತಾವಿಬ್ಬರೂ ಕಟ್ಟಿದ ಸಣ್ಣಪುಟ್ಟ ಆಟಗಳನ್ನೆಲ್ಲ ಅವನು ಹೊಸಬಳ ಮುಂದೆ ತನ್ನದೇ ಎಂಬಂತೆ ಮತ್ತೆ ಆಡುತ್ತಿದ್ದಾನೆ. ಅವನು ಹೋದದ್ದಕ್ಕಿಂತ ಹೆಚ್ಚಾಗಿ ಅವಳಿಗೆ ಉರಿಯುವುದು ತನ್ನ ರಚನೆಗೆ ತನ್ನ ಹೆಸರಿಲ್ಲ ಅಂತ. ಅಂದರೆ ಅದು ಕರ್ತೃತ್ವದ ಬಗ್ಗೆ ಬರೆದ ಹಾಡು! ಅಂಥ ಹಾಡಿಗೇ ಕರ್ತೃತ್ವದ ತಗಾದೆ ಬಂತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು? ಇದನ್ನು ಬಿಟ್ಟು ನಾವು ಆ ಹೊಸಬಳು ಯಾರು ಅಂತ ಹುಡುಕಿದೆವು.

ವಚನಗಳನ್ನು ಜನ ಹೇಗೆ ಓದುತ್ತ ಬಂದರು ಎಂಬುದು ನನ್ನ ಸಂಶೋಧನೆಯ ವಿಷಯ. ಹಾಗಾಗಿ ಪಾಪ್ ಹಾಡು ಕೇಳುವಾಗಲೂ ಇದೇ ನೆನಪಾಗುತ್ತದೆ. ಅಕ್ಕಮಹಾದೇವಿಯ ವಚನ ಎದುರಿಗಿಟ್ಟ ಕೂಡಲೇ ತರಗತಿಯಲ್ಲಿ ಕೌಶಿಕ ರಾಜ ಬಂದುಬಿಡುತ್ತಾನೆ. ಅವನು ಜೈನನೋ, ಮದುವೆ ಆಗಿತ್ತೋ ಇಲ್ಲವೋ, ಅರಮನೆಯಿಂದ ಹೇಗೆ ಹೊರಟಳು, ಇಡೀ ಗಂಟೆ ಅದರಲ್ಲೇ ಮುಗಿಯುತ್ತದೆ. ರೇಷ್ಮೆ ಹುಳುವಿನ ಉಪಮೆಯನ್ನು ಆಕೆ ಹೇಗೆ ತಿರುಗಿಸಿದಳು ಅನ್ನುವುದಕ್ಕೆ ಬೆಲ್ ಹೊಡೆದಿರುತ್ತದೆ. ಅದೇ ಅಲ್ಲಮ? ಹರಿಹರನ ರಗಳೆಯ ಪ್ರಕಾರ ಅಲ್ಲಮನೂ ಪ್ರೀತಿಸಿದ ಹೆಂಡತಿ ಕಾಮಲತೆಯನ್ನು ಕಳೆದುಕೊಂಡು ಹುಚ್ಚನಂತೆ ಅಲೆದವನು. ಕಾಲಿನ್ಸ್‌ರ ಹಾಗೆ ಅವನೂ ಚರ್ಮವಾದ್ಯದವನು, ಮದ್ದಳೆಗಾರ. ಆದರೆ ಬೆಡಗಿನ ವಚನ ಓದುವಾಗ ಯಾವ ಮೇಷ್ಟ್ರೂ ಕಾಮಲತೆ ಯಾರು ಅಂತ ಕೇಳಿದ್ದನ್ನು ನಾನು ಕಂಡಿಲ್ಲ. ಅಲ್ಲಮನದು ದರ್ಶನ, ಅಕ್ಕನದು ಅನುಭವ. ಹಾಗಂತ ನಾವು ಎಂದೋ ಪಾಲು ಮಾಡಿಟ್ಟಿದ್ದೇವೆ.

ನನಗೆ ಇದರಲ್ಲಿ ಇಷ್ಟು ಸಿಟ್ಟು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನನ್ನ ಮೊದಲ ಕಥೆ ಪತ್ರಿಕೆಯೊಂದರಲ್ಲಿ ಬಂತು. ಪ್ರೀತಿಸಿದವನು ಕೈಕೊಟ್ಟ ಮೇಲೆ ಹುಡುಗಿಯೊಬ್ಬಳು ತನ್ನ ಸೈಕಲ್ಲನ್ನು ಮಾರಲು ಹೊರಡುವ ಕಥೆ. ಪತ್ರಿಕೆ ಊರಿಗೆ ತಲುಪಿದ ಮೂರನೇ ದಿನ ದೊಡ್ಡಪ್ಪ ಅಪ್ಪನಿಗೆ ಫೋನ್ ಮಾಡಿದರು. “ಓದಿದೆ ಮಾರಾಯ. ಚೆನ್ನಾಗೇ ಬರೆದಿದ್ದಾಳೆ. ಅಲ್ಲಾ, ಯಾರಂತೋ ಆ ಹುಡುಗ?” ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಅಮ್ಮ ಕೇಳಿದರು, ರಾತ್ರಿ ಹನ್ನೊಂದಕ್ಕೆ, ಅಳುತ್ತ. ಆ ಹುಡುಗನ ಮೀಸೆಯನ್ನು ನನ್ನ ಚಿಕ್ಕಮ್ಮನ ಮಗನಿಂದ, ಮಾತಿನ ಧಾಟಿಯನ್ನು ನಮ್ಮೂರಿನ ಬಸ್ ಕಂಡಕ್ಟರಿನಿಂದ, ಸುಳ್ಳು ಹೇಳುವ ರೀತಿಯನ್ನು ನನ್ನಿಂದಲೇ ತೆಗೆದದ್ದು ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಕಥೆಯಲ್ಲಿ ನಿಜಕ್ಕೂ ನನ್ನದು ಅಂತ ಇದ್ದದ್ದು ಸೈಕಲ್ಲೊಂದೇ. ಅದರ ಬಗ್ಗೆ ಯಾರೂ ಕೇಳಲಿಲ್ಲ.

ಅದು ಊರಿನ ಮಾತು, ಓದು ಕಡಿಮೆ ಇರುವವರದು ಅಂತ ಸಮಾಧಾನ ಮಾಡಿಕೊಳ್ಳೋಣವೆಂದರೆ, ಅದೇ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಹಿರಿಯರೊಬ್ಬರು ನನ್ನ ಕಥೆಯನ್ನು ಹೊಗಳಿದರು. “ಅನುಭವ ಪ್ರಾಮಾಣಿಕವಾಗಿದೆ” ಎಂದರು. ಪಕ್ಕದಲ್ಲೇ ಕೂತಿದ್ದ ನನ್ನ ಸಹಪಾಠಿಯ ಕಥೆಗೆ, ಅದೂ ಕೈಕೊಟ್ಟ ಪ್ರೇಮದ್ದೇ, “ತಂತ್ರದ ಮೇಲೆ ಒಳ್ಳೆಯ ಹಿಡಿತ” ಎಂದರು. ನಾನು ಆ ಕಥೆಯನ್ನು ಹನ್ನೊಂದು ಸಲ ತಿದ್ದಿದ್ದೆ. ಅವನು ಎರಡು ಸಲ, ಅವನೇ ಹೇಳಿದ್ದು. ಪ್ರಾಮಾಣಿಕ ಅನುಭವ ಅನ್ನುವುದು ನಮ್ಮ ವಿಮರ್ಶೆಯ ಬಹಳ ಸವೆದ ನಾಣ್ಯ. ಹೆಂಗಸರ ಕೈಗೆ ಅದನ್ನೇ ಹಾಕಿ ಕಳಿಸುತ್ತಾರೆ. ಆ ಹೊಗಳಿಕೆಗೂ ದೊಡ್ಡಪ್ಪನ ಪ್ರಶ್ನೆಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ದೊಡ್ಡಪ್ಪ ಕನಿಷ್ಠ ನೇರವಾಗಿ ಕೇಳಿದರು. ಆಮೇಲೆ ಒಂದೂವರೆ ವರ್ಷ ನಾನು ಕಥೆ ಬರೆಯಲಿಲ್ಲ. ಬರೆದಾಗ ನಾಯಕನನ್ನು ಅರವತ್ತು ವರ್ಷದ ಮುದುಕನನ್ನಾಗಿ ಮಾಡಿದೆ, ಯಾರೂ ಏನೂ ಕೇಳದಿರಲಿ ಅಂತ. ಅದು ಕೆಟ್ಟ ಕಥೆ.

ನನ್ನ ವಾದಕ್ಕೆ ಒಂದು ಉತ್ತರ ಸಿದ್ಧವಾಗಿದೆ ಅಂತ ಗೊತ್ತು. ಗಾಸಿಪ್ಪಿನಿಂದಲೇ ತಾನೇ ಆ ಹಾಡು ಓಡಿದ್ದು? ಕಂಪನಿ ಅದನ್ನು ಮಾರಿಕೊಳ್ಳಲಿಲ್ಲವೇ? ಮಾರಿಕೊಂಡಿತು. 1972ರಲ್ಲಿ ಕಾರ್ಲಿ ಸೈಮನ್ ‘ಯು ಆರ್ ಸೋ ವೇನ್’ ಹಾಡಿದಾಗಿನಿಂದ ಈ ವ್ಯಾಪಾರ ನಡೆದಿದೆ. ಆ ಹಾಡಿನ ಜಂಬಗಾರ ಯಾರು ಅಂತ ನಾಲ್ಕು ದಶಕ ಕೇಳಿದರು, 2015ರಲ್ಲಿ ಆಕೆ, ಎರಡನೇ ಚರಣದ ಮನುಷ್ಯ ನಟ ವಾರನ್ ಬೀಟಿ ಎಂದು ಹೇಳಿದರು. ಹೇಳಿದ ಮೇಲೆ ಹಾಡು ಒಂದು ಗುಂಜಿಯಷ್ಟಾದರೂ ಚೆನ್ನಾಯಿತೇ? ಅಂಗಡಿಯವನು ಹೊರಗೆ ಬೋರ್ಡು ಏನೇ ಹಾಕಲಿ, ಊಟದ ರುಚಿ ಹೇಳುವವರು ಊಟ ಮಾಡಿ ಹೇಳಬೇಕು. ಇನ್ನು, ಈ ಆಲ್ಬಮ್ ಲೋಪವಿಲ್ಲದ್ದು ಅಂತ ನಾನೇನೂ ಹೇಳುತ್ತಿಲ್ಲ. ನಡುವಿನ ಎರಡು ಮೂರು ನಿಧಾನದ ಹಾಡುಗಳು ಒಂದಕ್ಕೊಂದು ಅಂಟಿಕೊಂಡ ಹಾಗಿವೆ. ಕೊನೆಯ ಹಾಡಿನ ಉದ್ದೇಶ ದೊಡ್ಡದು, ಬರವಣಿಗೆ ತೆಳು. ‘ಟ್ರೇಟರ್’ ಅರ್ಧ ನಿಮಿಷ ಮೊದಲೇ ಮುಗಿಯಬಹುದಿತ್ತು. ಇಂಥ ಬೈಗುಳ ಬೇಕಾದಷ್ಟು ಬೈಯಿರಿ. ಮಾಡಿದವಳನ್ನು ಮಾಡಿದ್ದಕ್ಕಾಗಿ ಬೈಯುವುದು ಮರ್ಯಾದೆಯ ಕೆಲಸ.

ಮೊನ್ನೆ ಆ ಎಂ.ಎ. ಹುಡುಗಿ ನನ್ನ ರೂಮಿಗೆ ಇಸ್ತ್ರಿಪೆಟ್ಟಿಗೆ ಕೇಳಿಕೊಂಡು ಬಂದಳು. ಕೂರಿಸಿ, ನನ್ನ ಹೆಡ್‌ಫೋನ್ ಕೊಟ್ಟು, ‘ಡ್ರೈವರ್ಸ್ ಲೈಸೆನ್ಸ್’ನ ಮೊದಲ ಹದಿನೈದು ಸೆಕೆಂಡು ನಾಲ್ಕು ಸಲ ಕೇಳಿಸಿದೆ. ಮೂರನೇ ಸಲಕ್ಕೆ ಅವಳ ಹುಬ್ಬು ಮೇಲೇರಿತು. “ಅಯ್ಯೋ ಅಕ್ಕಾ, ಇದು ಕಾರಿನ ಸೌಂಡು! ನಮ್ಮಪ್ಪನ ಕಾರಲ್ಲೂ ಬರುತ್ತೆ. ಇಷ್ಟು ದಿನ ಪಿಯಾನೋನೇ ಅಂದ್ಕೊಂಡಿದ್ದೆ.” ಮತ್ತೊಮ್ಮೆ ಕೇಳಿದಳು. ಎಲ್ಲಿ ಬದಲಾಗುತ್ತದೆ ಅಂತ ಬೆರಳಿನಿಂದ ಮಂಚದ ಮೇಲೆ ತಟ್ಟಿ ನೋಡಿದಳು, ಸಿಗಲಿಲ್ಲ, ಇನ್ನೊಮ್ಮೆ ಹಿಂದೆ ಹಾಕಿದಳು. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತು, “ಆದ್ರೂ ಅಕ್ಕಾ,” ಅಂದಳು, “ಆ ಹುಡುಗ ಈಗ ಯಾರ ಜೊತೆ ಇದ್ದಾನೆ ಗೊತ್ತಾ?”